ಚಂದ್ರಕಾಂತ ಕಲ್ಲಿನೊಳಗೆ ಬೆಳಕು ಜಾರುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ, ನದಿಗಳಿಗೆ ದಾರಿ ತಿಳಿದಿರಲಿಲ್ಲ. ಆಗ ನೆಲದಾಳದಲ್ಲಿ ನೆಲಜ್ಜಿ ಒಲೆ ಹೂಡಿ ಕಲ್ಲು ಬೇಯಿಸುತ್ತಿದ್ದಳು.

ಒಮ್ಮೆ ಚಂದ್ರನ ಕಿರಿಮಗಳು ತಿಂಗಳಿ ಆಡುತ್ತ ಆಡುತ್ತ ನೆಲದ ಬಿರುಕಿನೊಳಗೆ ಜಾರಿ, ಅಜ್ಜಿಯ ಅಡುಗೆಮನೆಗೆ ಬಿದ್ದಳು. ಪುಟ್ಟ ಬೆಳಕು. ಹಿಡಿದಿಟ್ಟುಕೊಳ್ಳುವವರಿಲ್ಲದೆ ಮಸುಕಾಗತೊಡಗಿದಳು.

"ಅಜ್ಜೀ, ನಾನು ಆರಿಹೋಗ್ತೀನಿ!"

"ಆರೋಕೆ ನಾನು ಬಿಡ್ತೀನಾ? ಸುಮ್ಮನಿರು," ಎಂದಳು ನೆಲಜ್ಜಿ. ಕರಿಕಲ್ಲಿನೊಳಗೆ ಕೂರಿಸಿದಳು, ಅದು ಬೆಳಕನ್ನೇ ನುಂಗಲು ನೋಡಿತು. ಬೆಣಚುಕಲ್ಲಿನೊಳಗೆ ಕೂರಿಸಿದಳು, ತಿಂಗಳಿ ಈ ಕಡೆ ಹೊಕ್ಕು ಆ ಕಡೆ ಹೊರಬಿದ್ದಳು.

ಉಳಿದದ್ದು ಒಲೆಯ ಮೇಲಿನ ಕೊಪ್ಪರಿಗೆ. ಅದರಲ್ಲಿ ಕೆಂಚಿ, ಬಿಳಚಿ ಎಂಬ ಎರಡು ಕಲ್ಲುಗಳು, ಅಕ್ಕತಂಗಿಯರು, ಕರಗಿ ಕುದಿಯುತ್ತಿದ್ದರು. ಬಿಸಿಯಿದ್ದಷ್ಟು ಹೊತ್ತು ಇಬ್ಬರದೂ ಒಂದೇ ಜೀವ. ಕೊಂಚ ಆರಿತೋ, ಶುರು.

"ಅಜ್ಜೀ, ಇವಳು ನನ್ನ ಮೇಲೆ ಒರಗ್ತಾಳೆ!"

"ನಾನೆಲ್ಲಿ ಒರಗಿದೆ? ಇವಳ ಮೊಣಕೈ ನೋಡಜ್ಜೀ!"

ಅಜ್ಜಿ ಉರಿ ಹೆಚ್ಚಿಸಿ ಸೌಟಿನಿಂದ ತಿರುವಿದಳು. ಇಬ್ಬರೂ ಬೆರೆತರು. ಮತ್ತೆ ಆರಿತು, ಮತ್ತೆ ಜಗಳ, ಮತ್ತೆ ಸೌಟು. ಒಲೆಯ ಪಕ್ಕ ಬಿಕ್ಕುತ್ತಿದ್ದ ತಿಂಗಳಿ ಈಗ ಮಿಣುಕುಹುಳದಷ್ಟೂ ಇರಲಿಲ್ಲ.

ಅಜ್ಜಿಗೆ ರೇಗಿಹೋಯಿತು.

"ಥೂ, ನಿಮ್ಮ ಜಗಳಕ್ಕಿಷ್ಟು ಬೆಂಕಿ ಹಾಕ! ಇಲ್ಲಿ ಕೂಸಿನ ಜೀವ ಹೋಗ್ತಿದೆ, ನಿಮಗೆ ಮೊಣಕೈ ಚಿಂತೆ. ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯ್ತು. ಏನಾದ್ರೂ ಮಾಡ್ಕೊಳ್ಳಿ!"

ಸೌಟನ್ನು ಮೂಲೆಗೆ ಬಿಸಾಡಿ, ಕೊಪ್ಪರಿಗೆಗೆ ಮುಚ್ಚಳ ಮುಚ್ಚಿ, ತಿಂಗಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಖ ತಿರುಗಿಸಿ ಕೂತಳು.

ಕೊಪ್ಪರಿಗೆ ನಿಧಾನವಾಗಿ, ಬಲು ನಿಧಾನವಾಗಿ ಆರಿತು. ಬಿಡಿಸುವವರೂ ಇಲ್ಲ, ಬೆರೆಸುವವರೂ ಇಲ್ಲ. ಅಕ್ಕತಂಗಿಯರು ಗೊಣಗುತ್ತಲೇ ಜಾಗ ಹಂಚಿಕೊಂಡರು. ಕೆಂಚಿಯದೊಂದು ಪದರ, ಅದರ ಮೇಲೆ ಬಿಳಚಿಯದೊಂದು ಪದರ, ಮತ್ತೆ ಕೆಂಚಿ, ಮತ್ತೆ ಬಿಳಚಿ. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪದರಗಳು.

ಮುಚ್ಚಳ ತೆಗೆದ ಅಜ್ಜಿ, "ಈ ಬುದ್ಧಿ ಮೊದಲೇ ಬರಬಾರದಿತ್ತೇನ್ರೇ!" ಎಂದು ಹಣೆ ಚಚ್ಚಿಕೊಂಡಳು. ಸೆರಗು ಬಿಚ್ಚಿ, ಇನ್ನೇನು ಆರಲಿದ್ದ ತಿಂಗಳಿಯನ್ನು ಪದರಗಳ ನಡುವೆ ಬಿಟ್ಟಳು.

"ನನ್ನ ಕಡೆ ಬೇಡ," ಎಂದು ಕೆಂಚಿ ಅವಳನ್ನು ಆಚೆ ತಳ್ಳಿದಳು. "ನನ್ನ ಕಡೆಯೂ ಬೇಡ," ಎಂದು ಬಿಳಚಿ ಈಚೆ ತಳ್ಳಿದಳು. ಆಚೆ, ಈಚೆ, ಆಚೆ, ಈಚೆ. ತಿಂಗಳಿ ಒಳಗೇ ಉಳಿದಳು. ಆರಲಿಲ್ಲ. ಕಿಲಕಿಲ ನಕ್ಕಳು.

"ನಗು, ನಗು. ರಟ್ಟೆ ನೋವು ನಂಗೆ ತಾನೇ," ಎಂದು ಗೊಣಗುತ್ತ ಅಜ್ಜಿ ಕಣ್ಣೊರೆಸಿಕೊಂಡಳು.

ಅದಕ್ಕೇ ಮಕ್ಕಳೇ, ಹಾಲುಬಣ್ಣದ ಚಂದ್ರಕಾಂತ ಕಲ್ಲನ್ನು ಅಂಗೈಯಲ್ಲಿಟ್ಟು ಹೊರಳಿಸಿದರೆ ಒಳಗೊಂದು ಬೆಳಕು ಇವತ್ತಿಗೂ ಅತ್ತಿತ್ತ ಜಾರುತ್ತದೆ. ಸುತ್ತಿಗೆ ಮಾತ್ರ ತಾಗಿಸಬೇಡಿ, ಆ ಅಕ್ಕತಂಗಿಯರು ಬೇರೆಯಾಗಲು ನೆಪ ಕಾಯುತ್ತಿದ್ದಾರೆ, ತಿಂಗಳಿಗೋ ಬೇರೆ ಮನೆಯಿಲ್ಲ.