ಧೂಪದ ಮರದ ಒಂದೇ ಬಾಗಿಲು

ಮಕ್ಕಳೇ, ಜೇನುಹುಳುಗಳು ಪ್ರಾರ್ಥನೆ ಮಾಡುವುದನ್ನು ನೀವು ಕೇಳಿದ್ದೀರಾ? ಇಲ್ಲವೇ? ಹಾಗಾದರೆ ಇತ್ತ ಸರಿದು ಕೂತುಕೊಳ್ಳಿ. ಗಲಾಟೆ ಬೇಡ, ಈ ಕತೆಯಲ್ಲೇ ಬೇಕಾದಷ್ಟು ಗಲಾಟೆ ಇದೆ.

ಒಂದು ಗುಡ್ಡದ ಕಾಡು. ಕಾಡಿನ ನಡುವೆ ಹಂಚಿನ ಮಾಡಿನ ಪುಟ್ಟ ಇಗರ್ಜಿ, ಅಂದರೆ ಚರ್ಚು. ಇಗರ್ಜಿಯ ಹಿಂದೆ ದೊಡ್ಡದೊಂದು ಧೂಪದ ಮರ. ಆ ಮರದ ಪೊಟರೆಯಲ್ಲಿ ತುಡುವೆ ಜೇನುಗಳ ಸಂಸಾರ. ಸಾವಿರಾರು ಹುಳುಗಳು, ಎಲ್ಲರೂ ಅಕ್ಕತಂಗಿಯರು, ಎಲ್ಲರಿಗೂ ತಾಯಿ ಒಬ್ಬಳೇ. ಇಗರ್ಜಿಯಲ್ಲಿ ಯಾವ ಹೆಸರು ಕೂಗಿದರೂ ಸರಿ, ಕಿವಿಗೆ ಬಿದ್ದದ್ದನ್ನು ಮರಿಗೆ ಇಟ್ಟುಬಿಡುವುದು ಅವರ ರೂಢಿ. ಹಾಗಾಗಿ ಒಬ್ಬಳು ಸೆವ್ರಿನಾ, ಒಬ್ಬಳು ನತಾಲಿಯಾ, ಒಬ್ಬಳು ಕಾರ್ಮಿನಾ. ಗೂಡಿಗೆ ಇದ್ದದ್ದು ಒಂದೇ ಬಾಗಿಲು. ಅದನ್ನು ಕಾಯುತ್ತಿದ್ದವಳು ಮುದುಕಿ ಪೆತ್ರಿನಾ ಬಾಯಿ.

ಸಂಜೆ ಇಗರ್ಜಿಯ ಗಂಟೆ ಕೇಳಿದ್ದೇ ತಡ, ಜೇನುಗಳೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ತಾಯಿಯ ಸುತ್ತ ಸೇರುತ್ತಿದ್ದರು. ಮೈಗೆ ಮೈ ಅಂಟಿಸಿ, ಅಲ್ಲಾಡದೆ ಕೂತು, ಸಣ್ಣ ದನಿಯಲ್ಲಿ ‘ಝುಂ’ ಎಂದು ದೇವರನ್ನು ನೆನೆಯುತ್ತಿದ್ದರು. ಈ ಪ್ರಾರ್ಥನೆಗೆ ಮುಂದಾಳು ಸೆವ್ರಿನಾ. ಅವಳು ಎಂಥ ಅಚ್ಚುಕಟ್ಟು ಗೊತ್ತೇ? ಯಾರದಾದರೂ ಮೀಸೆ ಒಂದಿಷ್ಟು ಅಲುಗಿದರೂ ಕಣ್ಣು ಬಿಟ್ಟು ನೋಡುತ್ತಿದ್ದಳು. ಅವಳ ಕಣ್ಣು ಮಾತ್ರ ಪ್ರಾರ್ಥನೆಯಲ್ಲಿ ಯಾಕೆ ತೆರೆದಿರುತ್ತಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ ಬಿಡಿ.

ಒಂದು ದಿನ ಏನಾಯಿತು? ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ನತಾಲಿಯಾ ಮತ್ತು ಅವಳ ಗೆಳತಿಯರು ಹೊಟ್ಟೆ ತುಂಬ ಮಕರಂದ ಹೊತ್ತು ಹಾರಿಬಂದರು. ಕಾಡಿನಾಚೆ ನೇರಳೆ ಮರ ಮೈತುಂಬ ಹೂ ಬಿಟ್ಟಿತ್ತು! ಆ ಸಂತೋಷವನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ರೆಕ್ಕೆ ಪಟಪಟ ಬಡಿಯುತ್ತ, ಕುಣಿಯುತ್ತ, ಗಟ್ಟಿ ದನಿಯಲ್ಲಿ ‘ಝೇಂ ಝೇಂ’ ಎಂದು ದೇವರನ್ನು ಕೊಂಡಾಡಿದರು. ಮೇಣದ ಎರಿಯೆಲ್ಲ ಗದಗದ ನಡುಗಿತು.

ಸೆವ್ರಿನಾಗೆ ಮೈಯೆಲ್ಲ ಉರಿದುಹೋಯಿತು.

"ಏನೇ ಇದು? ಪ್ರಾರ್ಥನೆಯೋ ಸಂತೆಯೋ?"

"ಸಂತೋಷವಾದರೆ ಸುಮ್ಮನೆ ಕೂರಲು ಬರುತ್ತದೆಯೇ ಅಕ್ಕಾ?" ಎಂದಳು ನತಾಲಿಯಾ. "ನೀವು ಮಾಡುವುದು ಪ್ರಾರ್ಥನೆಯೋ, ತೂಕಡಿಕೆಯೋ?"

ಪಕ್ಕದಲ್ಲಿದ್ದ ಕಾರ್ಮಿನಾ ಬೆಂಕಿಗೆ ತುಪ್ಪ ಸುರಿದಳು. "ನೋಡಕ್ಕಾ, ಮೊನ್ನೆ ಮೊನ್ನೆ ರೆಕ್ಕೆ ಬಲಿತವಳು! ನಿನಗೇ ಬುದ್ಧಿ ಹೇಳುತ್ತಾಳೆ!"

"ಹೀಗೆ ಕುಣಿಯುವುದಾದರೆ ಹೊರಗೆ ಹೋಗಿ ಕುಣಿಯಿರಿ!" ಎಂದುಬಿಟ್ಟಳು ಸೆವ್ರಿನಾ.

"ಹೋಗುತ್ತೇವೆ! ನಮಗೇನು ಮರಗಳಿಗೆ ಬರವೇ?"

ಪೆತ್ರಿನಾ ಬಾಯಿ ಕುಂಟುತ್ತ ಓಡಿಬಂದಳು. "ಅಯ್ಯೋ ಮಕ್ಕಳೇ, ಸಿಟ್ಟು ಇಳಿಯಲಿ, ಬೆಳಿಗ್ಗೆ ಮಾತಾಡೋಣ! ನತಾಲಿಯಾ, ತಾಯಿಯನ್ನು ಬಿಟ್ಟು ಎಲ್ಲಿಗೆ ಹೋಗುತ್ತೀಯೇ? ಸೆವ್ರಿನಾ, ಒಂದು ಮಾತು ಸೋತರೆ ನಿನ್ನ ಗಂಟೇನು ಹೋಗುತ್ತದೆ?" ಯಾರು ಕೇಳಬೇಕು! ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ಹಾಗಾಯಿತು. ಗೂಡಿನ ಅರ್ಧ ಜನ ಬುರ್ರನೆ ಎದ್ದು ಎದುರಿನ ಹೊನ್ನೆ ಮರದ ಪೊಟರೆಗೆ ಹೋಗಿ ಕೂತರು.

ಆಮೇಲೆ ಶುರುವಾಯಿತು ನೋಡಿ ಪೈಪೋಟಿ! ಸಂಜೆ ಗಂಟೆ ಹೊಡೆದರೆ ಹೊನ್ನೆ ಮರದವರು ಧೂಪದ ಮರಕ್ಕೆ ಕೇಳಲೆಂದೇ ಅರಚುತ್ತಿದ್ದರು. ಧೂಪದ ಮರದವರು ಉಸಿರೂ ಕೇಳಿಸದ ಹಾಗೆ ಬಿಗಿದು ಕೂರುತ್ತಿದ್ದರು. ದೇವರನ್ನು ನೆನೆದವರು ಎಷ್ಟು ಜನವೋ, ಆ ದೇವರಿಗೇ ಗೊತ್ತು.

ಹೊನ್ನೆ ಮರದಲ್ಲಿ ತಾಯಿಯಿಲ್ಲ. ಹೊಸ ಎರಿ ಕಟ್ಟಿದರೂ ಅದರಲ್ಲಿ ಮೊಟ್ಟೆಯಿಲ್ಲ, ಮರಿಯಿಲ್ಲ. ಧೂಪದ ಮರದಲ್ಲಿ ತಾಯಿಯಿದ್ದಾಳೆ, ಮರಿಗಳೂ ಇವೆ, ಆದರೆ ತುತ್ತು ತಂದುಕೊಡುವ ಕೈಗಳು ಸಾಲವು. ಹಸಿದ ಮರಿಗಳ ನಡುವೆ ಓಡಾಡುವಾಗೆಲ್ಲ ಸೆವ್ರಿನಾಗೆ ನತಾಲಿಯಾಳ ನೆನಪು. ಅವಳು ಮರಿಯಾಗಿದ್ದಾಗ ಬಾಯಿಗೆ ತುತ್ತಿಟ್ಟವಳು ಇದೇ ಸೆವ್ರಿನಾ ಅಲ್ಲವೇ! ಎದೆ ಚುರ್ ಎನ್ನುತ್ತಿತ್ತು. ಆದರೂ ‘ಬಿಟ್ಟುಹೋದವಳು ಅವಳು, ಅವಳೇ ಬರಲಿ’ ಎಂದು ಹಟ ಹಿಡಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕಾಡಿನ ಮೇಲಿಂದ ‘ಗುಂಯ್ಯ್’ ಎಂದು ಸದ್ದು ಬಂತು. ಕಡಜ! ಹೆಬ್ಬೆರಳಿನಷ್ಟು ದಪ್ಪ, ಕತ್ತರಿಯಂಥ ದವಡೆ! ಅದು ಎರಡೂ ಮರಗಳನ್ನು ಒಂದು ಸುತ್ತು ಹಾಕಿ ನೋಡಿತು.

"ಓಹೋಹೋ! ಒಂದು ದೊಡ್ಡ ಗೂಡಿತ್ತು, ಹತ್ತಿರ ಬರಲು ಭಯವಿತ್ತು. ಈಗ ಎರಡು ಸಣ್ಣ ಗೂಡು! ಇವತ್ತು ಅದು, ನಾಳೆ ಇದು. ಅಡುಗೆ ಮಾಡುವ ಕಷ್ಟವೂ ಇಲ್ಲ!" ಎಂದು ನಗುತ್ತ ಹೊನ್ನೆ ಮರಕ್ಕೆ ನುಗ್ಗಿತು.

ಹೊನ್ನೆ ಮರದವರು ಹೆದರಿ ಓಡಲಿಲ್ಲ, ಅದನ್ನು ಹೇಳಲೇಬೇಕು. ಎಲ್ಲರೂ ಕಡಜದ ಮೇಲೆ ಬಿದ್ದು ರೆಕ್ಕೆ ಬಡಿದರು, ಮೈ ನಡುಗಿಸಿದರು. ಏನು ರಭಸ! ಆದರೆ ಹಿಡಿತವೇ ಇಲ್ಲ. ಕಡಜ ಒಮ್ಮೆ ಮೈ ಕೊಡವಿದರೆ ಎಲ್ಲರೂ ಚೆಲ್ಲಾಪಿಲ್ಲಿ. ಕಚಕ್ ಕಚಕ್ ಎಂದು ದವಡೆ ಆಡಿತು. ರೆಕ್ಕೆಗಳು ತರಗೆಲೆಗಳ ಹಾಗೆ ಉದುರಿದವು.

ಧೂಪದ ಮರದ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾರ್ಮಿನಾ, "ಬೇಕಿತ್ತು ಇವರಿಗೆ! ಮಾಡಿದ್ದುಣ್ಣೋ ಮಹರಾಯ!" ಎಂದಳು.

ಸೆವ್ರಿನಾ ಅವಳ ಪಕ್ಕದಿಂದ ಇಣುಕಿದಳು. ಕಡಜದ ದವಡೆಯ ಎದುರಿಗೇ ನತಾಲಿಯಾ ಕಾಣುತ್ತಿದ್ದಳು.

ಅಷ್ಟರಲ್ಲಿ ಯಾರೋ ಸೆವ್ರಿನಾಳನ್ನು ಪಕ್ಕಕ್ಕೆ ತಳ್ಳಿ ಹೊರಗೆ ಹಾರಿದರು. ಪೆತ್ರಿನಾ ಬಾಯಿ!

"ಬಾಯಿ, ನಿಲ್ಲಿ! ನಿಮಗೆ ವಯಸ್ಸಾಗಿದೆ! ಅವರು ನಮ್ಮವರಲ್ಲ!" ಎಂದು ಕಾರ್ಮಿನಾ ಕೂಗಿದಳು.

"ಯಾರೇ ಹೇಳಿದ್ದು ನಮ್ಮವರಲ್ಲ ಅಂತ? ಮರ ಬದಲಾಯಿಸಿದರೆ ತಾಯಿ ಬದಲಾಗುತ್ತಾಳೇನೇ?" ಮುದುಕಿ ಹಾರುತ್ತಲೇ ಗದರಿದಳು. "ಸೆವ್ರಿನಾ! ಕಡಜದ ಮೈಗೆ ನಮ್ಮ ಮುಳ್ಳು ಇಳಿಯುವುದಿಲ್ಲ. ಅದು ಸಾಯುವುದು ಸೆಕೆಗೆ! ಅಲ್ಲಿ ಮೈ ನಡುಗಿಸಿ ಸೆಕೆ ಎಬ್ಬಿಸುವವರಿದ್ದಾರೆ, ಬಿಗಿಯಾಗಿ ಹಿಡಿಯುವವರಿಲ್ಲ. ಹಿಡಿಯುವವರು ಇಲ್ಲಿ ಬಾಗಿಲಲ್ಲಿ ನಿಂತು ತಮಾಷೆ ನೋಡುತ್ತಿದ್ದಾರೆ!"

ಸೆವ್ರಿನಾಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಎಲಾ ನನ್ನ ಹಟವೇ! ತುತ್ತಿಟ್ಟು ಬೆಳೆಸಿದ ತಂಗಿ ಸಾಯುತ್ತಿದ್ದಾಳೆ, ನಾನಿಲ್ಲಿ ಸರಿ ತಪ್ಪು ತೂಗುತ್ತ ನಿಂತಿದ್ದೇನೆ!

"ಕಾರ್ಮಿನಾ, ನೀನು ಬಾಗಿಲು ಕಾಯಿ! ಉಳಿದವರು ಬನ್ನಿ, ಎಲ್ಲರೂ ಬನ್ನಿ!"

ಧೂಪದ ಮರದಿಂದ ಕಪ್ಪು ಹೊಗೆ ಎದ್ದ ಹಾಗೆ ಜೇನುಗಳು ಎದ್ದರು. ಸೆವ್ರಿನಾ ನೇರವಾಗಿ ಹೋಗಿ ಕಡಜದ ಕುತ್ತಿಗೆಗೆ ಅಂಟಿದಳು. ಅವಳ ಹಿಂದಿನವರು ಕಾಲಿಗೆ, ರೆಕ್ಕೆಗೆ, ಹೊಟ್ಟೆಗೆ! ಪ್ರಾರ್ಥನೆಗೆ ಕೂರುತ್ತಿದ್ದರಲ್ಲ, ಥೇಟ್ ಹಾಗೇ, ಮೈಗೆ ಮೈ ಸೇರಿಸಿ ಬಿಗಿಯಾಗಿ ಹಿಡಿದರು. ಕಡಜ ಮೈ ಕೊಡವಿತು. ಒಬ್ಬಳೂ ಕದಲಲಿಲ್ಲ.

"ನತಾಲಿಯಾ!" ಸೆವ್ರಿನಾ ಕಿರುಚಿದಳು. "ನಾವು ಹಿಡಿದಿದ್ದೇವೆ! ಕುಣಿಯಿರೇ! ನಿಮಗೆ ಎಷ್ಟು ಬರುತ್ತದೋ ಅಷ್ಟೂ ಕುಣಿಯಿರಿ!"

"ಅಕ್ಕಾ! ಬಂದೆಯಾ!" ನತಾಲಿಯಾ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. "ಏಳಿರೇ! ರೆಕ್ಕೆ ಮುರಿದವರೂ ಏಳಿ! ಸಂದಿ ಸಂದಿಗೆ ನುಗ್ಗಿ ಮೈ ನಡುಗಿಸಿ!"

ಅಬ್ಬಬ್ಬಾ! ಕಡಜ ಕಾಣದೇ ಹೋಯಿತು. ಕಂಡದ್ದು ಜೇನುಗಳ ಒಂದು ದೊಡ್ಡ ಉಂಡೆ ಮಾತ್ರ. ಒಳಗೆ ಹಿಡಿದವರ ಬಿಗಿ, ಮೇಲೆ ನಡುಗಿಸುವವರ ಸೆಕೆ. ಉಂಡೆ ಕಾದಿತು, ಸುಟ್ಟಿತು, ಕೆಂಡವಾಯಿತು.

"ಬಿಡಿ! ಬಿಡಿ! ಬೆಂದೆ! ಇನ್ನು ಈ ಕಡೆ ತಲೆ ಹಾಕುವುದಿಲ್ಲ!" ಎಂದು ಕಡಜ ಒಳಗಿಂದ ಅರಚಿತು. ಆಮೇಲೆ ಅರಚಲಿಲ್ಲ. ಉಂಡೆ ಧೊಪ್ಪನೆ ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತು. ನಡುವೆ ಕಡಜ ಕಾಲು ಮೇಲಾಗಿ ಸತ್ತು ಬಿದ್ದಿತ್ತು.

ಗೆದ್ದರು! ಕೂಗು ಕೇಕೆ ಎದ್ದವು. ಆದರೆ ಹೊನ್ನೆ ಮರದವರಲ್ಲಿ ಎಷ್ಟೋ ಜನ ಮತ್ತೆ ಏಳಲೇ ಇಲ್ಲ. ಸೆವ್ರಿನಾ ಅವರ ಬಳಿ ಹೋಗಿ ನಿಂತಳು.

"ಹೊರಗೆ ಹೋಗಿ ಎಂದವಳು ನಾನು. ನಾನು ಹಾಗೆ ಅನ್ನದಿದ್ದರೆ ಇವರು ಬದುಕಿರುತ್ತಿದ್ದರು. ನನ್ನನ್ನು ಕ್ಷಮಿಸೇ ನತಾಲಿಯಾ."

"ತಾಯಿಯನ್ನು ಬಿಟ್ಟು ಹೊರಟವಳು ನಾನಲ್ಲವೇ ಅಕ್ಕಾ? ನೀನೂ ಕ್ಷಮಿಸು," ಎಂದು ನತಾಲಿಯಾ ಅವಳ ಮೈಗೆ ಒರಗಿದಳು. ಪೆತ್ರಿನಾ ಬಾಯಿ ಒಂದು ರೆಕ್ಕೆ ಹರಿದುಕೊಂಡು ಪಕ್ಕದಲ್ಲೇ ಕೂತಿದ್ದಳು. "ಸತ್ತವರಿಗಾಗಿ ಎಲ್ಲರೂ ಸೇರಿ ಪ್ರಾರ್ಥಿಸೋಣ. ಈಗ ನಡೆಯಿರಿ ಮನೆಗೆ, ಮರಿಗಳು ಹಸಿದಿವೆ," ಎಂದಳು. ಇಬ್ಬರೂ ಸೇರಿ ಮುದುಕಿಯನ್ನು ಆಚೀಚೆ ಹಿಡಿದುಕೊಂಡು ಧೂಪದ ಮರಕ್ಕೆ ನಡೆದರು. ಉಳಿದವರೆಲ್ಲ ಮುಂದೆ ಹಾರಿದರು.

ಬಾಗಿಲಲ್ಲಿ ಕಾರ್ಮಿನಾ ಕಾಲೂರಿ ನಿಂತಿದ್ದಳು. "ನಮ್ಮವರು ಮಾತ್ರ ಒಳಗೆ! ಬಿಟ್ಟುಹೋದವರು ಪಕ್ಕಕ್ಕೆ ನಿಲ್ಲಿ, ನಿಮ್ಮ ವಿಚಾರ ಆಮೇಲೆ!"

ಜೇನುಗಳಲ್ಲಿ ಒಂದು ಕ್ರಮ ಉಂಟು. ಮೈಯ ವಾಸನೆ ನೋಡಿಯೇ ತಮ್ಮ ಗೂಡಿನವರು ಯಾರು, ಪರರು ಯಾರು ಎಂದು ಹೇಳುತ್ತಾರೆ. ಕಾರ್ಮಿನಾ ಮೊದಲನೆಯವಳನ್ನು ಮೂಸಿದಳು. ತಲೆ ಕೆರೆದುಕೊಂಡಳು. ಎರಡನೆಯವಳನ್ನು ಮೂಸಿದಳು. ಇನ್ನೊಬ್ಬಳನ್ನು ಮೂಸಿದಳು. ಎಲ್ಲರ ಮೈಯಲ್ಲೂ ಒಂದೇ ಬೆವರು, ಒಂದೇ ಮೇಣ, ಒಂದೇ ಕಡಜದ ಕಮಟು. ಧೂಪ ಯಾವುದು, ಹೊನ್ನೆ ಯಾವುದು? ಆ ಉಂಡೆಯಲ್ಲಿ ಎಲ್ಲ ಕಲಸಿಹೋಗಿತ್ತು!

ಕೊನೆಗೆ ಸಿಟ್ಟು ಬಂದು ಅವಳು ಎಲ್ಲರಿಗಿಂತ ಹಿಂದೆ ಬಂದ ಒಬ್ಬಳನ್ನು ತಡೆದೇಬಿಟ್ಟಳು. "ಇವಳು ಖಂಡಿತ ಹೊರಗಿನವಳು! ಹೇಳೇ, ಯಾವ ಗೂಡಿನವಳು ನೀನು?"

ಮುಖವೆಲ್ಲ ಮಣ್ಣಾಗಿದ್ದ ಆ ಹುಳು ತಲೆಯೆತ್ತಿತು. ನೋಡಿದರೆ ಸೆವ್ರಿನಾ!

"ತಾಯಿಯ ಗೂಡಿನವಳು ಕಣೇ," ಎಂದಳು ಸೆವ್ರಿನಾ. "ಬಾಗಿಲು ಬಿಡು, ತಂಗಿಯನ್ನು ಕರೆದುಕೊಂಡು ಬಂದಿದ್ದೇನೆ."

ನೀತಿ: ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ದನಿಯಲ್ಲಿ ದೇವರನ್ನು ಕರೆಯಬಹುದು, ಆದರೆ ಬೇರೆ ಬೇರೆ ಮನೆ ಮಾಡಿಕೊಂಡರೆ ವೈರಿಗೆ ಹಬ್ಬ, ಒಡೆದ ಮನೆ ಮತ್ತೆ ಒಂದಾಗಲು ‘ಕ್ಷಮಿಸು’ ಎಂಬ ಮಾತು ಮನೆಯಲ್ಲಿ ಉಳಿದವರ ಬಾಯಿಂದಲೇ ಮೊದಲು ಬರಲಿ.