ಅಜ್ಜನವರು ನಿಲ್ಲಿಸಿದ ಪುರಾಣ

ಕರಿಬಂಡಿಯ ಮಠಕ್ಕೆ ಕಲ್ಲಿನ ಗೋಪುರವಿರಲಿಲ್ಲ, ಬೆಳ್ಳಿಯ ಬಾಗಿಲಿರಲಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಪೂಜ್ಯ ಶಾಂತಮುನಿ ಅಜ್ಜನವರು ನಲವತ್ತು ವರ್ಷ ಅದರಲ್ಲಿಯೇ ಇದ್ದು, ಅಂಗಳವನ್ನು ತಾವೇ ಗುಡಿಸಿ, ಭಕ್ತರ ಪಂಕ್ತಿಯಲ್ಲಿಯೇ ರೊಟ್ಟಿ ಉಂಡು ಬಾಳಿದರು. ಪ್ರತಿ ಶ್ರಾವಣದಲ್ಲಿ ಅಲ್ಲಿ ತಿಂಗಳು ಪೂರ್ತಿ ಪುರಾಣ ನಡೆಯುತ್ತಿತ್ತು. ಹೇಳುವವರು ಪಂಚಾಕ್ಷರಯ್ಯ ಶಾಸ್ತ್ರಿಗಳು; ಎಂಥ ಕಠಿಣ ಪದ್ಯವನ್ನೂ ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಡಿಸಿ ಹೇಳುವ ವಿದ್ವಾಂಸರು. ಇಪ್ಪತ್ತು ವರ್ಷಗಳಲ್ಲಿ ಅವರು ಹಿಡಿದ ಪುರಾಣ ಮಂಗಳವಾಗದೆ ನಿಂತದ್ದಿಲ್ಲ. ಆ ಹೆಮ್ಮೆ ಅವರಿಗೆ ಹೆಗಲ ಮೇಲಿನ ಶಾಲಿಗಿಂತ ಬೆಚ್ಚಗಿತ್ತು.

ಒಂದು ವರ್ಷ, ಏನೂ ಅರಿಯದ ಕೂಸುಗಳಿಗೆ ಕಷ್ಟವೇಕೆ ಎಂಬ ಪ್ರಸಂಗ ಬಂದಿತು. "ಹಿಂದಿನ ಜನ್ಮದಲ್ಲಿ ಬಿತ್ತಿದ್ದನ್ನು ಈ ಜನ್ಮದಲ್ಲಿ ಕೊಯ್ಯಲೇಬೇಕು. ಕೂಸಾದರೇನು, ಮುದುಕರಾದರೇನು?" ಎಂದರು ಶಾಸ್ತ್ರಿಗಳು. ಜನ ತಲೆದೂಗಿದರು. ಆಗ ಹೆಂಗಸರ ಸಾಲಿನಲ್ಲಿ ಹಳೆಯ ಬಟ್ಟೆಯ ಕೌದಿ ಹೊಲಿದು ಬದುಕುವ ಬಾಳವ್ವ ಎದ್ದು ನಿಂತಳು. ಆಕೆಯ ಐದು ವರ್ಷದ ಮಗಳು ನೀಲವ್ವ ಹಾವು ಕಚ್ಚಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

"ನನ್ನ ಮಗಳು ಏನ್ ಪಾಪ ಮಾಡಿದ್ಲು ಹೇಳ್ರಿ. ದೇವರು ಒಳ್ಳೇವನಾಗಿದ್ರ ಆ ಹಾವನ್ನ ಯಾಕ ತಡೀಲಿಲ್ಲ?"

ಪುರಾಣದ ನಡುವೆ ಎದ್ದು ನಿಲ್ಲಬಾರದೆಂದು ಹಿರಿಯರು ಗದರಿದರು. ಅಜ್ಜನವರು ಚಾಪೆಯಿಂದ ಎದ್ದು ಬಂದು, ಶಾಸ್ತ್ರಿಗಳ ಮುಂದಿದ್ದ ಗ್ರಂಥವನ್ನು ಮುಚ್ಚಿ ಬಟ್ಟೆ ಸುತ್ತಿದರು.

"ಈ ತಾಯಿ ಹೂಂ ಅಂದ ಮ್ಯಾಲ ಮುಂದ ಓದೂಣು," ಎಂದರು.

ಪುರಾಣ ಅರ್ಧಕ್ಕೆ ನಿಂತರೆ ಊರಿಗೇ ಕೇಡು ಎಂದು ಎಲ್ಲರೂ ನಂಬಿದ್ದರು. ಅದು ಮುಗಿಯಬೇಕಾದ ಅಮಾವಾಸ್ಯೆಗೆ ಆರೇ ದಿನ ಉಳಿದಿತ್ತು. ಒಬ್ಬ ಹೆಂಗಸನ್ನು ಒಪ್ಪಿಸುವುದು ಎಷ್ಟರ ಮಾತು ಎಂದುಕೊಂಡು ಶಾಸ್ತ್ರಿಗಳು ಮರುದಿನ ಬೆಳಿಗ್ಗೆಯೇ ಬಾಳವ್ವನ ಮನೆಗೆ ಹೋದರು. ಭಗವಂತನು ಭಕ್ತರನ್ನು ಪರೀಕ್ಷಿಸುವ ಬಗೆಯನ್ನು ದೃಷ್ಟಾಂತ ಸಹಿತ ವಿವರಿಸಿದರು. ಆಕೆ ಕೌದಿಯಿಂದ ತಲೆಯೆತ್ತಲಿಲ್ಲ.

"ಪರೀಕ್ಷೆ ನಂದಾಗಿದ್ರ ಸತ್ತಾಕಿ ಆಕಿ ಯಾಕ್ರಿ?"

ಶಾಸ್ತ್ರಿಗಳು ರಾತ್ರಿಯೆಲ್ಲ ಗ್ರಂಥ ತಿರುವಿ ಮತ್ತೆ ಹೋದರು. ಕಹಿಯಿದ್ದರೆ ತಾನೇ ಸಿಹಿಯ ಬೆಲೆ ತಿಳಿಯುವುದು ಎಂದರು. "ನಿಮಗ ಬೆಲ್ಲದ ರುಚಿ ತಿಳೀಲಿ ಅಂತ ನನ್ನ ಕೂಸಿನ ಬಾಯಾಗ ಬೇವು ಹಾಕಿದ್ನೇನು?" ಎಂದಳು ಬಾಳವ್ವ. ಅಕ್ಷರ ಕಲಿಯದ ಹೆಂಗಸು ಆ ವಿದ್ವಾಂಸರಿಗೆ ಕಬ್ಬಿಣದ ಕಡಲೆಯಾದಳು. ಅವರು ಸಿಟ್ಟಿನಿಂದ ನೇರವಾಗಿ ಮಠಕ್ಕೆ ಬಂದರು.

ಅಜ್ಜನವರು ಸೋರುವ ಮಾಳಿಗೆಗೆ ಮಣ್ಣು ಮೆತ್ತುತ್ತಿದ್ದರು.

"ಅಜ್ಜಾರ, ಆಕಿಗೆ ಉತ್ತರ ನೀವ ಹೇಳ್ರಿ."

"ನನಗ ಗೊತ್ತಿಲ್ಲ."

ಶಾಸ್ತ್ರಿಗಳು ದಂಗಾದರು. "ಗೊತ್ತಿಲ್ದನ ನಲವತ್ತು ವರ್ಷ ಪೂಜಾ ಮಾಡಿದಿರೇನು?"

"ಮಾಡೀನಿ. ಇನ್ನೂ ಮಾಡ್ತೀನಿ. ಆದರ ಶಿವನ್ನ ಉಳಿಸಾಕ ಹೋಗಿ ಕೂಸಿನ ಮ್ಯಾಲ ಅಪರಾಧ ಹೊರಿಸಂಗಿಲ್ಲ," ಎಂದು ಅಜ್ಜನವರು ಮತ್ತೆ ಕೆಲಸಕ್ಕೆ ಕೈ ಹಚ್ಚಿದರು.

ಮೂರನೆಯ ದಿನ ಶಾಸ್ತ್ರಿಗಳು ಬಾಳವ್ವನ ಮನೆಗೆ ಹೋಗಿ ಕೌದಿಯ ಬದಿಗೆ ಕುಳಿತರು. ಈ ಸಲ ದೃಷ್ಟಾಂತ ತೆಗೆಯದೆ, "ನೀಲವ್ವ ಹೆಂಗಿದ್ಲವ್ವ?" ಎಂದು ಕೇಳಿದರು. ಮಗಳು ತೀರಿದಾಗಿನಿಂದ ಯಾರೂ ಕೇಳದ ಮಾತು ಅದು. ಮಗಳ ತೊದಲು ಮಾತು, ಹಟ, ಕೌದಿಯ ಮೇಲೆ ಹೊರಳಾಡುವ ಅವಳ ಚಾಳಿ, ಎಲ್ಲವನ್ನೂ ಬಾಳವ್ವ ಹೇಳುತ್ತ ಹೋದಳು. ಕೊನೆಗೆ ಸೂಜಿ ಬದಿಗಿಟ್ಟಳು.

"ಹುಲ್ಲಿನ ಬಣವಿ ಕಡೆ ಹೋಗಿ ಒಲಿಗೆ ಎರಡ ಕುಳ್ಳು ತಾರವ್ವ ಅಂತ ಆಕಿನ್ನ ಹಾವಿನ ಬಾಯಿಗೆ ಕಳಿಸಿದಾಕಿ ನಾನು. ನೀವು ಪಾಪ ಅಂದ್ರಿ. ಯಾರ ಪಾಪ ಅಂತ ನನಗ ಗೊತ್ತೈತ್ರಿ."

ತಮ್ಮ ಮಾತು ಎಲ್ಲಿ ಹೋಗಿ ನಾಟಿತ್ತೆಂಬುದು ಶಾಸ್ತ್ರಿಗಳಿಗೆ ಆಗ ತಿಳಿಯಿತು. ಅವರ ಕಣ್ಣು ತುಂಬಿ ಬಂದಿತು. "ಕೂಸಿನದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲವ್ವ. ತಪ್ಪು ನಾ ಹೇಳಿದ್ದು. ಹಿಂಗ್ಯಾಕಾತು ಅಂತ ನನಗ ಗೊತ್ತಿಲ್ಲ," ಎಂದರು. ಮಗಳಿಗೆ ಮಣ್ಣು ಕೊಟ್ಟ ದಿನವೂ ಅಳದಿದ್ದ ಬಾಳವ್ವ ಅಂದು ಬಾಯಿಬಿಟ್ಟು ಅತ್ತಳು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, "ಹೂಂ, ಓದ್ರಿ ಇನ್ನ," ಎಂದಳು.

ಪುರಾಣ ಮುಗಿಯುವಾಗ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಊರಿಗೆ ಯಾವ ಕೇಡೂ ಬರಲಿಲ್ಲ. ಮಂಗಳವಾದ ಮೇಲೆ ಶಾಸ್ತ್ರಿಗಳು ಅಜ್ಜನವರ ಪಾದಕ್ಕೆ ಎರಗಿ ಹೊರಟವರು ತಮ್ಮ ಊರಿನ ದಾರಿ ಹಿಡಿಯಲಿಲ್ಲ, ಹೊಳೆ ದಾಟಿದರು. ಆಚೆಯ ಊರಿನಲ್ಲಿ ಒಂದು ಬಾಗಿಲ ಮುಂದೆ ನಿಂತರು. ಭಿಕ್ಷೆಗೆ ಬಂದಿರಬೇಕೆಂದು ಮನೆಯಾಕೆ ಮೊರದಲ್ಲಿ ಜೋಳ ತಂದಳು.

"ಜ್ವಾಳ ಬ್ಯಾಡವ್ವ. ಹನ್ನೆರಡು ವರ್ಷದ ಹಿಂದ ನಿನ್ನ ಮಗ ಕುರುಡಾಗಿ ಹುಟ್ಟಿದಾಗ ಪಾಪದ ಫಲ ಅಂದಿದ್ದೆ. ಆ ಮಾತು ತಪ್ಪು. ಅದನ್ನ ತಿರುಗಿ ತಗೊಂಡ ಹೋಗಾಕ ಬಂದೀನಿ."

ಆಕೆ ಮೊರವನ್ನು ಕೆಳಗಿಟ್ಟು, ಒಳಗೆ ಹೋಗಿ ಮಗನನ್ನು ಕೈಹಿಡಿದು ಕರೆತಂದಳು. "ಇನ್ನೊಮ್ಮೆ ಹೇಳ್ರಿ, ಇಂವನೂ ಕೇಳಲಿ," ಎಂದಳು.

ಶಾಸ್ತ್ರಿಗಳು ಇನ್ನೊಮ್ಮೆ ಹೇಳಿದರು.