ನಿಂಬೆಹಣ್ಣು ಬೇಡುವ ಕಾರು

ಸಾಹುಕಾರ ಗುರುಮಲ್ಲಪ್ಪನವರ ಯುರೋಪಿನ ಉದ್ದನೆಯ ಫ್ಯಾಮಿಲಿ ಕಾರು ರಸ್ತೆಗಿಂತ ಗ್ಯಾರೇಜಿನಲ್ಲೇ ಹೆಚ್ಚು ಇರುತ್ತಿತ್ತು. ರಿಪೇರಿಯ ಬಿಲ್ಲು ನೋಡಿದರೆ ತಲೆ ತಿರುಗುತ್ತಿತ್ತು.

"ಬೀಗರ ಮುಂದೆ ಕಾರು ಕೆಟ್ಟಿದೆ ಅಂದ್ಯೋ, ನಿನ್ನ ಕೆಲಸ ಹೋಯ್ತು!" ಎಂದು ಒಂದು ದಿನ ಸಾಹುಕಾರರು ಡ್ರೈವರನನ್ನು ಗದರಿಸಿ, ಮನೆಗೆ ಬಂದಿದ್ದ ಬೀಗರನ್ನು ಹತ್ತಿಸಿಕೊಂಡರು.

ಮಾರ್ಕೆಟ್ಟಿನ ನಡುವೆ ಕಾರು ನಿಂತೇಬಿಟ್ಟಿತು. ಡ್ರೈವರ್ ನಿಧಾನವಾಗಿ ಇಳಿದ. ಚಪ್ಪಲಿ ಕಳಚಿಟ್ಟ. ಪಕ್ಕದ ಅಂಗಡಿಯಿಂದ ನಿಂಬೆಹಣ್ಣು ತಂದು ಚಕ್ರದ ಕೆಳಗಿಟ್ಟು, ಕರ್ಪೂರ ಬೆಳಗಿದ.

"ಪೂಜೆ ಆದ ಮೇಲೆ ಇಂಜಿನ್ ಸ್ಟಾರ್ಟ್ ಮಾಡೋ ಹಾಗಿಲ್ಲ. ಎಲ್ಲರೂ ಕೈ ಹಚ್ಚಿ ತಳ್ಳಬೇಕು" ಎಂದ.

ಬೀಗರು ಬೀದಿ ಕೊನೆಯ ಗ್ಯಾರೇಜಿನವರೆಗೂ ಭಕ್ತಿಯಿಂದ ತಳ್ಳಿದರು. ಬೆವರೊರೆಸಿಕೊಳ್ಳುತ್ತಾ, "ಗಾಡಿ ಪೂಜೆ ವರ್ಷಕ್ಕೊಮ್ಮೆ ಅಲ್ವೇನಪ್ಪಾ?" ಎಂದು ಕೇಳಿದರು.

"ನಮ್ಮ ಕಡೆ ಗಾಡಿಗಾದ್ರೆ ಸಾಕು ಯಜಮಾನ್ರೇ. ಇದು ಪರದೇಶದ್ದು. ನಮ್ಮ ದೇವರ ಪರಿಚಯ ಇನ್ನೂ ಆಗಿಲ್ಲ" ಎಂದ ಡ್ರೈವರ್.

ಸಾಹುಕಾರರು ಗಂಭೀರವಾಗಿ ತಲೆದೂಗಿದರು. ಮರುದಿನದಿಂದ, ಡೀಸೆಲ್ ಹಾಕಿಸುವ ಮೊದಲು ನಿಂಬೆಹಣ್ಣನ್ನು ತಾವೇ ಆರಿಸಿ ಕೊಳ್ಳತೊಡಗಿದರು.